ಹಳೆಯ ಮರಗೆಲಸದ ಆಯುಷ್ಯ

1799ರ ಮೇ 4ರಂದು ಶ್ರೀರಂಗಪಟ್ಟಣವು ಇಂಗ್ಲಿಷರ ವಶವಾದಾಗ ಆ ಕೋಟೆಯೊಳಗೆ ಎರಡು ಸಿಂಹಾಸನಗಳಿದ್ದುವು. ಅವೆರಡರ ಮುಂದಿನ ಗತಿಯನ್ನು ಒಟ್ಟಿಗೆ ಇಟ್ಟು ನೋಡಿದವರಿಗೆ, ಒಂದು ಪೀಠದ ಆಯುಷ್ಯವು ಅದರ ದ್ರವ್ಯದ ಬೆಲೆಯಿಂದ ನಿಶ್ಚಯವಾಗುವುದಲ್ಲವೆಂಬ ಸಂಗತಿ ತಾನಾಗಿಯೇ ಗೋಚರಿಸುತ್ತದೆ. ಮೊದಲನೆಯದು ಟಿಪ್ಪು ಸುಲ್ತಾನನು ಮಾಡಿಸಿದ್ದು. ಮರದ ಮೇಲೆ ಚಿನ್ನದ ತಗಡನ್ನು ಹೊದಿಸಿ, ಸುತ್ತಲೂ ರತ್ನಗಳಿಂದ ಕಣ್ಣುಗಳನ್ನು ಕೂರಿಸಿದ ಹುಲಿಯ ತಲೆಗಳನ್ನು ನಿಲ್ಲಿಸಿ, ಛತ್ರದ ನೆತ್ತಿಯಲ್ಲಿ ಹುಮಾ ಪಕ್ಷಿಯನ್ನಿಟ್ಟಿದ್ದ ಆ ಪೀಠವನ್ನು, ಇಂಗ್ಲಿಷರನ್ನು ಸೋಲಿಸುವವರೆಗೆ ತಾನು ಏರುವುದಿಲ್ಲವೆಂದು ಸುಲ್ತಾನನು ಶಪಥಮಾಡಿದ್ದನೆಂದು ಹೇಳುತ್ತಾರೆ. ಕೊಳ್ಳೆಯನ್ನು ಸೈನಿಕರಿಗೆ ಹಂಚುವ ಭಾರವನ್ನು ಹೊತ್ತಿದ್ದ ಅಧಿಕಾರಿಗಳು ಅದನ್ನು ಒಡೆದು ತುಂಡುಮಾಡಿದರು. ಹುಮಾ ಪಕ್ಷಿಯೂ ದೊಡ್ಡ ಹುಲಿಯ ತಲೆಯೂ ಇಂಗ್ಲೆಂಡಿನ ರಾಜಸಂಗ್ರಹವನ್ನು ಸೇರಿದುವು. ಚಿಕ್ಕ ತಲೆಗಳು ಯಾರಾರದೋ ಕೈಗೆ ಹೋಗಿ ಚೆದರಿದುವು. ಚಿನ್ನವಾಗಿದ್ದುದೇ ಅದಕ್ಕೆ ಮೃತ್ಯುವಾಯಿತು.

ಎರಡನೆಯದು ಮೈಸೂರು ಒಡೆಯರದು. ಅತ್ತಿಯ ಮರದಿಂದ ಮಾಡಿ ದಂತವನ್ನು ಹೊದಿಸಿದ್ದ ಈ ಪೀಠವು ಪಾಂಡವರದೆಂದೂ, ಪೆನುಗೊಂಡೆಯಲ್ಲಿ ನೆಲದೊಳಗೆ ಹುದುಗಿದ್ದ ಅದನ್ನು ವಿದ್ಯಾರಣ್ಯರು ತೋರಿಸಿಕೊಟ್ಟು ವಿಜಯನಗರದ ಅರಸರಿಗೆ ದೊರಕಿಸಿದರೆಂದೂ ಐತಿಹ್ಯವುಂಟು. ಚಿಕ್ಕದೇವರಾಜ ಒಡೆಯರಿಗೆ ಔರಂಗಜೇಬನು ಕಳುಹಿಸಿದನೆಂಬ ಮತ್ತೊಂದು ಕಥೆಯೂ ಉಂಟು. ಐತಿಹ್ಯಗಳ ವಾದ ನಮಗಿಲ್ಲಿ ಬೇಡ. ಲೂಯಿ ರೈಸರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಹೇಳುವಂತೆ, ಕೋಟೆ ಬಿದ್ದಾಗ ಅದು ಸಿಕ್ಕಿದ್ದು ಹಾಳುಮೂಳು ಸಾಮಾನುಗಳನ್ನು ಒಟ್ಟಿದ್ದ ಒಂದು ಕೋಣೆಯಲ್ಲಿ. ಎರಡು ತಿಂಗಳು ತುಂಬುವುದರೊಳಗೆ, ಅದೇ ಜೂನ್ 30ರಂದು, ಐದು ವರ್ಷದ ಹಸುಳೆ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಅದರ ಮೇಲೆಯೇ ಕೂರಿಸಿ ಪಟ್ಟಕಟ್ಟಿದರು. ಆಮೇಲೆ ದಂತದ ಮೇಲೆ ಚಿನ್ನ ಬೆಳ್ಳಿಗಳ ಹೊದಿಕೆ ಬಂದಿತು. ಇಂದಿಗೂ ವರ್ಷದ ಬಹುಭಾಗ ಅದು ಸಿಂಹಾಸನವಾಗಿರುವುದಿಲ್ಲ. ಭಾಗಭಾಗವಾಗಿ ಬಿಚ್ಚಲ್ಪಟ್ಟು ಭದ್ರವಾದ ಕೋಣೆಯಲ್ಲಿರುತ್ತದೆ. ನವರಾತ್ರಿ ಸಮೀಪಿಸಿದಾಗ ಮೈಸೂರಿನ ಹತ್ತಿರದ ಗೆಜ್ಜಗಳ್ಳಿಯವರು ಅರಮನೆಗೆ ಬಂದು, ಪೂಜೆಯಾದ ಬಳಿಕ, ಭಾಗಗಳನ್ನು ಒಂದಕ್ಕೊಂದು ಹೊಂದಿಸಿ ಪೀಠವನ್ನು ನಿಲ್ಲಿಸುತ್ತಾರೆ. ಉತ್ಸವ ಮುಗಿದ ಮೇಲೆ ಮತ್ತೆ ಬಿಚ್ಚಿಡುತ್ತಾರೆ. ಪ್ರತಿವರ್ಷವೂ ಬಿಚ್ಚಿ ಕೂಡಿಸುವ ಈ ಪದ್ಧತಿಯನ್ನು ಭದ್ರತೆಯ ಏರ್ಪಾಟೆಂದು ಮಾತ್ರ ಭಾವಿಸುವುದು ವಾಡಿಕೆ. ನನಗೆ ತೋರುವ ಮಟ್ಟಿಗೆ ಅದು ಅದಕ್ಕಿಂತ ಮಿಗಿಲಾದುದು: ಪ್ರತಿ ಸಂದನ್ನೂ ವರ್ಷಕ್ಕೊಮ್ಮೆ ಬಲ್ಲವನ ಕಣ್ಣು ನೋಡುತ್ತದೆ, ಬಲ್ಲವನ ಬೆರಳು ಮುಟ್ಟುತ್ತದೆ, ಸಡಿಲವಾದುದು ಮುರಿಯುವ ಮೊದಲೇ ಗೊತ್ತಾಗುತ್ತದೆ. ಬಿಚ್ಚುವುದಕ್ಕೆ ಬಾರದ ವಸ್ತುವನ್ನು ದುರಸ್ತಿಮಾಡುವುದು ಬಹು ಕಷ್ಟ. ಹಳೆಯ ಪೀಠೋಪಕರಣಗಳ ದೀರ್ಘಾಯುಷ್ಯದ ಕಾರಣವನ್ನು ಹುಡುಕುವವನು ಮರದ ಜಾತಿಗಿಂತ ಮೊದಲು ಸಂದುಗಳನ್ನು ನೋಡಬೇಕು.

ಮರದ ಜಾತಿಯನ್ನು ನಮ್ಮ ಪೂರ್ವಿಕರು ಕಡೆಗಣಿಸಿದ್ದರೆಂದು ಇದರ ಅರ್ಥವಲ್ಲ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಶಯ್ಯಾಸನಗಳ ಲಕ್ಷಣಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ನಾವು ಹೊನ್ನೆಯೆನ್ನುವ ಅಸನ, ಶಿವನೆಯೆನ್ನುವ ಕಾಶ್ಮರಿ, ತೇಗವಾದ ಶಾಕ, ಬೀಟೆಯ ದಾಯಾದಿಯಾದ ಶಿಂಶಪೆ, ಇವು ಅವನು ಹೇಳುವ ಪ್ರಶಸ್ತವಾದ ಮರಗಳಲ್ಲಿ ಸೇರಿವೆ. ಸಿಡಿಲಿನಿಂದಲೋ ಬಿರುಗಾಳಿಯಿಂದಲೋ ಪ್ರವಾಹದಿಂದಲೋ ಆನೆಯಿಂದಲೋ ಉರುಳಿದ ಮರವೂ, ಜೇನುಗೂಡೋ ಹಕ್ಕಿಯ ಗೂಡೋ ಇರುವ ಮರವೂ ವರ್ಜ್ಯವೆಂದು ಅವನು ವಿಧಿಸುತ್ತಾನೆ. ಜ್ಯೌತಿಷಿಯ ಬಾಯಲ್ಲಿ ಅವು ಅಪಶಕುನಗಳು; ಬಡಗಿಯ ಬಾಯಲ್ಲಾದರೆ, ಬಿರುಗಾಳಿಗೆ ತಿರುಚಿಕೊಂಡು ಬಿದ್ದ ದಿಮ್ಮಿಯೊಳಗೆ ಹೊರಗೆ ಕಾಣದ ಸೀಳುಗಳಿರುತ್ತವೆ, ಜೇನು ಸೇರಿದ ಬೊಡ್ಡೆಯೊಳಗೆ ಟೊಳ್ಳಿರುತ್ತದೆ, ಅಷ್ಟೆ. ಶಾಸ್ತ್ರವೂ ಕಸುಬೂ ಒಂದೇ ತೀರ್ಮಾನಕ್ಕೆ ಬೇರೆ ಬೇರೆ ದಾರಿಗಳಲ್ಲಿ ಬಂದಿರುವುದು ಇಂತಹ ಕಡೆಗಳಲ್ಲಿ ಕಾಣುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ರಾಜನ ಭೋಗಗಳನ್ನು ಎಣಿಸುವಾಗ ಆಸನಕ್ಕೂ ಶಯ್ಯೆಗೂ ಬೇರೆ ಬೇರೆ ಸ್ಥಾನ ಕೊಟ್ಟಿದ್ದಾನೆ. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು, ಗುಲಾಬಿ ತಾವರೆಗಳನ್ನು ಕೆತ್ತಿದ ದಂತದಿಂದ ತುಂಬಿದ ಒಂದು ಕೋಣೆಯನ್ನೂ, ಬೆಳ್ಳಿಯ ಸರಪಣಿಗಳಿಂದ ತೂಗುಬಿಟ್ಟ ಮಂಚವನ್ನೂ ಬೆರಗಿನಿಂದ ವರ್ಣಿಸುತ್ತಾನೆ.

ಸಾಮಾನ್ಯ ಗೃಹಸ್ಥನ ಮನೆಯಲ್ಲಿ ಇವೊಂದೂ ಇರಲಿಲ್ಲ. ಊಟಕ್ಕೂ ಪೂಜೆಗೂ ಹಲಸಿನ ಮಣೆ. ಮದುವೆಯ ಸೀರೆಯನ್ನೂ ಜಮೀನಿನ ಪತ್ರಗಳನ್ನೂ ಇಡುವುದಕ್ಕೆ ಹಿತ್ತಾಳೆಯ ಪಟ್ಟಿ ಬಿಗಿದ ಪೆಟ್ಟಿಗೆ. ಮಲೆನಾಡಿನಲ್ಲಿ ಬತ್ತ ತುಂಬುವ ಪತ್ತಾಯ. ಉಳ್ಳವರ ಪಡಸಾಲೆಯಲ್ಲಿ ತೊಲೆಯಿಂದ ಸರಪಣಿಗೆ ತೂಗುಹಾಕಿದ ಉಯ್ಯಾಲೆ ಮಣೆ. ಶಾನುಭೋಗರಿಗೆ ಇಳಿಜಾರು ಮುಚ್ಚಳದ ಬರೆಯುವ ಪೆಟ್ಟಿಗೆ. ಇಷ್ಟರಲ್ಲಿ ಸಂಸಾರ ನಡೆಯುತ್ತಿತ್ತು. ಇವನ್ನು ಮಾಡುತ್ತಿದ್ದವನು ಊರಿನ ಬಡಗಿ. ನೇಗಿಲು ನೊಗ ಗಾಡಿಗಳನ್ನು ನೋಡಿಕೊಳ್ಳುವುದಕ್ಕಾಗಿ ಸುಗ್ಗಿಯ ಕಣದಲ್ಲಿ ಧಾನ್ಯದ ಪಾಲನ್ನು ಪಡೆಯುತ್ತಿದ್ದ ಆಯಗಾರ. ಅವನು ಮಾಡಿದ ಪೆಟ್ಟಿಗೆ ಅವನ ಕಣ್ಣೆದುರೇ ಹಳತಾಗುತ್ತಿತ್ತು. ಅದರ ಮುಚ್ಚಳ ಬಾಗಿದರೆ ಕರೆ ಬರುತ್ತಿದ್ದುದು ಅವನಿಗೇ, ಅವನು ತೀರಿಕೊಂಡಿದ್ದರೆ ಅವನ ಮಗನಿಗೆ. ತಾನು ಕೂಡಿಸಿದ್ದನ್ನು ಮುಂದೊಂದು ದಿನ ತನ್ನ ವಂಶದವನೇ ಬಿಚ್ಚಬೇಕಾಗುವುದೆಂಬ ಈ ಅರಿವೇ ಹಳೆಯ ಮರಗೆಲಸದ ರಹಸ್ಯವೆಂದು ನಾನು ಭಾವಿಸುತ್ತೇನೆ. ಮಾಡಿದವನು ಒಂದೂರಿನಲ್ಲಿ, ಮಾರುವವನು ಇನ್ನೊಂದೂರಿನಲ್ಲಿ, ಕೊಂಡವನು ಮತ್ತೊಂದೂರಿನಲ್ಲಿ ಇರುವ ಕಾಲಕ್ಕೆ ಆ ಅರಿವು ಅನಾವಶ್ಯಕವಾಯಿತು.

ಕುರ್ಚಿ, ಮೇಜು, ಅಲಮಾರುಗಳು ಮೈಸೂರು ಸೀಮೆಯ ಮನೆಗಳಿಗೆ ವಿಪುಲವಾಗಿ ನುಗ್ಗಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1809ರಲ್ಲಿ ಬೆಂಗಳೂರಿನಲ್ಲಿ ದಂಡು ಬಂದು ನೆಲೆಯೂರಿತು. 1831ರಲ್ಲಿ ಕಮಿಷನರರ ಆಡಳಿತ ಪ್ರಾರಂಭವಾಯಿತು. ಕೊಡಗು ಚಿಕ್ಕಮಗಳೂರುಗಳ ಬೆಟ್ಟಗಳಲ್ಲಿ ಕಾಫಿ ತೋಟಗಳ ಬಂಗಲೆಗಳು ಎದ್ದುವು. 1868ರಲ್ಲಿ ಹದಿನೆಂಟು ಇಲಾಖೆಗಳು ಬೆಂಗಳೂರಿನ ಅಠಾರಾ ಕಛೇರಿಯ ಹೊಸ ಕಟ್ಟಡಕ್ಕೆ ಸಾಗಿದಾಗ, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಬರೆಯುತ್ತಿದ್ದ ಗುಮಾಸ್ತೆಯ ಕಾಲವು ಮುಗಿಯುತ್ತ ಬಂದಿತ್ತೆನ್ನಬಹುದು. ಸೀಮೆಯ ನಮೂನೆಯನ್ನು ಎದುರಿಗಿಟ್ಟುಕೊಂಡು ನಮ್ಮ ಬಡಗಿಗಳು ಬೀಟೆಯಲ್ಲಿಯೂ ತೇಗದಲ್ಲಿಯೂ ಅದನ್ನು ತಿದ್ದಿದರು. ಸೈನ್ಯದ ಜೊತೆಯಲ್ಲಿ ಸಂಚರಿಸುವ ದೊರೆಗಳಿಗಾಗಿ ಮಡಿಸುವ ಮೇಜುಗಳೂ, ಕಾಲುಗಳನ್ನು ತಿರುಪಿ ತೆಗೆಯಬಹುದಾದ ಪೆಟ್ಟಿಗೆಗಳೂ ಹುಟ್ಟಿದುವು. ಈ ವರ್ಗದ ಕಡೆಯ ಕೂಸು ಉತ್ತರದ ರೂರ್ಕಿಯ ಹೆಸರನ್ನು ಪಡೆದ ಕುರ್ಚಿ. ಅಂಟೂ ಇಲ್ಲದೆ ಮೊಳೆಯೂ ಇಲ್ಲದೆ ನಾಲ್ಕು ಕಾಲು, ನಾಲ್ಕು ಅಡ್ಡಪಟ್ಟಿ, ಒಂದಿಷ್ಟು ದಪ್ಪ ಬಟ್ಟೆಗಳಿಂದ ನಿಲ್ಲುವ ಅದನ್ನು ನೋಡಿಯೇ ಡೆನ್ಮಾರ್ಕಿನ ಕಾರೆ ಕ್ಲಿಂಟನು 1933ರಲ್ಲಿ ತನ್ನ ಪ್ರಸಿದ್ಧವಾದ ಸಫಾರಿ ಕುರ್ಚಿಯನ್ನು ರಚಿಸಿದನು. ಕೂತವನು ಹೇಗೆ ವಾಲಿದರೂ ಅದರ ಸಂದುಗಳು ತಾವೇ ಬಿಗಿಯುತ್ತವೆ.

ಬೆತ್ತದ ಕಥೆ ಇನ್ನೂ ಸ್ವಾರಸ್ಯವಾದುದು. ಪೂರ್ವದೇಶಗಳ ಬೆತ್ತವು ಹಡಗುಗಳ ಮೂಲಕ ಹದಿನೇಳನೆಯ ಶತಮಾನದ ಇಂಗ್ಲೆಂಡಿಗೆ ಹೋಗಿ, ಅಲ್ಲಿಯ ಕುರ್ಚಿಗಳ ಕೂರುಭಾಗಕ್ಕೆ ಹೆಣೆಯಲ್ಪಟ್ಟು, ಮತ್ತೆ ಆ ಕುರ್ಚಿಯ ರೂಪದಲ್ಲಿ ಪೂರ್ವಕ್ಕೆ ಹಿಂತಿರುಗಿತು. ನಮ್ಮ ಹವೆಗೆ ಇದಕ್ಕಿಂತ ಹಿತವಾದುದಿಲ್ಲ. ಬೆನ್ನಿಗೂ ತೊಡೆಗೂ ಗಾಳಿ ತಾಗುತ್ತದೆ, ತಗಣೆಗೆ ಅವಿತುಕೊಳ್ಳುವ ದಿಂಬಿಲ್ಲ. ಚೌಕಟ್ಟಿನ ಸುತ್ತಲೂ ಸಾಲಾಗಿ ತೂತುಗಳನ್ನು ಕೊರೆದು, ನೀರಿನಲ್ಲಿ ನೆನೆಸಿದ ಬೆತ್ತದ ಸೀಳುಗಳನ್ನು ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಕಡೆಗೆ ಎರಡು ಕರ್ಣಗಳಲ್ಲಿ ಎಳೆದು ಹೆಣೆದರೆ, ಒಣಗುತ್ತ ಒಣಗುತ್ತ ಹೆಣಿಗೆಯು ಬಿಗಿದು, ತಟ್ಟಿದರೆ ನಾದ ಕೊಡುವಷ್ಟು ಗಟ್ಟಿಯಾಗುತ್ತದೆ. ಕೆಲವು ವರ್ಷಗಳಿಗೆ ಅದು ಹರಿಯುವುದು ನಿಶ್ಚಯ. ಹರಿಯಲೆಂದೇ ಅದನ್ನು ಮಾಡಿರುವುದು. ಸವೆಯುವ ಭಾಗವನ್ನು ಬಾಳುವ ಭಾಗದಿಂದ ಬೇರ್ಪಡಿಸಿ, ಒಂದನ್ನು ಬಲಿಕೊಟ್ಟು ಮತ್ತೊಂದನ್ನು ಉಳಿಸಿಕೊಳ್ಳುವ ಉಪಾಯವಿದು. ಹಳೆಯ ಬೆತ್ತವನ್ನು ಕತ್ತರಿಸಿ ತೆಗೆದು ಅದೇ ತೂತುಗಳಲ್ಲಿ ಹೊಸ ಬೆತ್ತವನ್ನು ಹೆಣೆಯುವವರು ಬೀದಿಬೀದಿಯಲ್ಲಿ ಕೂಗುತ್ತ ಬರುತ್ತಿದ್ದರು. ಅಂಧರ ಶಾಲೆಗಳಲ್ಲಿ ಈ ವಿದ್ಯೆಯನ್ನು ಕಲಿಸುತ್ತಿದ್ದರು, ಕಛೇರಿಗಳ ಕುರ್ಚಿಗಳು ರಾಶಿರಾಶಿಯಾಗಿ ಅಲ್ಲಿಗೆ ಹೋಗಿ ಬರುತ್ತಿದ್ದುವು. ತೂತುಗಳನ್ನು ಮುಚ್ಚಿ ಹಲಗೆ ಹೊಡೆದು ಮೇಲೆ ರೆಕ್ಸಿನ್ ಬಿಗಿಯುವವರನ್ನು ನೋಡಿದಾಗ ಮನಸ್ಸಿಗೆ ಕಿರಿಕಿರಿಯಾಗುತ್ತದೆ. ಆ ಹಲಗೆಯ ಮೊಳೆಗಳು ಹಳೆಯ ತೂತುಗಳ ನಡುನಡುವೆ ಇಳಿದು ಚೌಕಟ್ಟನ್ನು ಸೀಳಿದ ಮೇಲೆ, ಮತ್ತೆ ಬೆತ್ತ ಹೆಣೆಯುವ ಆಸೆಯೇ ಉಳಿಯುವುದಿಲ್ಲ.

ಹಿಂಗಾಲು ಅಲುಗಾಡುವ ಒಂದು ಬೀಟೆಯ ಕುರ್ಚಿಯನ್ನು ಬಲ್ಲ ಬಡಗಿಯ ಕೈಗೆ ಕೊಟ್ಟು ಪಕ್ಕದಲ್ಲಿ ಕುಳಿತು ನೋಡಬೇಕು. ಅವನು ಮೊದಲು ಉಳಿಯನ್ನು ಮುಟ್ಟುವುದಿಲ್ಲ. ಕುರ್ಚಿಯನ್ನು ಅತ್ತಿತ್ತ ಒತ್ತಿ, ಕಿರುಗುಟ್ಟುವುದು ಯಾವ ಸಂದೆಂದು ಆಲಿಸುತ್ತಾನೆ. ತಲೆಕೆಳಗು ಮಾಡಿ, ಹಿಂದಿನ ಯಾವನೋ ಅವಸರದವನು ಹೊಡೆದಿರಬಹುದಾದ ಮೊಳೆಗಳನ್ನು ಹುಡುಕಿ, ಒಂದೊಂದನ್ನೂ ಸುತ್ತಲ ಮರಕ್ಕೆ ನೋವಾಗದಂತೆ ಕೀಳುತ್ತಾನೆ. ಹಳೆಯ ಕುರ್ಚಿಯ ಸಂದೆಂದರೆ, ಒಂದು ತುಂಡಿನ ತುದಿಯನ್ನು ತೆಳ್ಳಗೆ ನಾಲಗೆಯಾಗಿ ಇಳಿಸಿ, ಮತ್ತೊಂದರಲ್ಲಿ ಕೊರೆದ ಕುಳಿಯೊಳಗೆ ಅದನ್ನು ಕೂರಿಸಿ, ಎರಡನ್ನೂ ಹಾಯುವಂತೆ ಬೈರಿಗೆಯಿಂದ ತೂತು ಮಾಡಿ ಮರದ ಬೆಣೆಯನ್ನು ಹೊಡೆದಿರುವುದು. ಬೆಣೆಯನ್ನು ಹೊರಕ್ಕೆ ಬಡಿದಮೇಲೆ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಸಂದಿನ ಸುತ್ತ ಸುತ್ತುತ್ತಾನೆ. ಒಳಗಿರುವುದು ಸರೇಸು, ಪ್ರಾಣಿಗಳ ಚರ್ಮವನ್ನೂ ಮೂಳೆಯನ್ನೂ ಕುದಿಸಿ ಮಾಡಿದ ಅಂಟು. ನೂರು ವರ್ಷವಾದರೂ ಶಾಖಕ್ಕೂ ತೇವಕ್ಕೂ ಅದು ಸೋಲುತ್ತದೆ. ಸ್ವಲ್ಪ ಹೊತ್ತಿನ ಮೇಲೆ ನಡುವೆ ಒಂದು ಮೆತ್ತನೆಯ ಮರದ ತುಂಡನ್ನಿಟ್ಟು ಕೊಡತಿಯಿಂದ ಹಗುರವಾಗಿ ತಟ್ಟಿದರೆ ಸಂದು ಬಿಚ್ಚಿಕೊಳ್ಳುತ್ತದೆ.

ಆಗ ಒಳಗಿನದು ಕಾಣುತ್ತದೆ. ಕುಳಿಯ ಅಂಚಿನಲ್ಲಿ ಉಳಿಯಿಂದ ಹೊಡೆದ ಒಂದು ಗೀರು, ಅದಕ್ಕೆ ಸೇರಬೇಕಾದ ನಾಲಗೆಯ ಬುಡದಲ್ಲಿ ಒಂದು ಗೀರು. ಮುಂದಿನ ಸಂದಿನಲ್ಲಿ ಎರಡು ಗೀರು, ಅದರ ಮುಂದಿನದರಲ್ಲಿ ಮೂರು. ಮಾಡಿದವನು ಯಾವ ತುಂಡು ಎಲ್ಲಿಗೆ ಸೇರಬೇಕೆಂದು ತನಗೆ ತಾನೇ ಇಟ್ಟುಕೊಂಡ ಗುರುತುಗಳಿವು. ಅವನ ಹೆಸರು ಎಲ್ಲಿಯೂ ಇಲ್ಲ. ಅಂದಿನ ಕೆಲಸದಲ್ಲಿ ಹೆಸರು ಹಾಕುವ ವಾಡಿಕೆಯಿರಲಿಲ್ಲ. ಆದರೂ ಅವನು ಎಡಗೈಯವನೋ ಬಲಗೈಯವನೋ ಎಂಬುದನ್ನು ಆ ಗೀರುಗಳ ಓರೆಯಿಂದ ಊಹಿಸುವ ಬಡಗಿಗಳುಂಟು. ಹಳೆಯ ಸರೇಸನ್ನು ಕೆರೆದು ತೆಗೆದು, ಒಣಗಿ ಸೊರಗಿದ ನಾಲಗೆಯ ಎರಡು ಪಕ್ಕಕ್ಕೂ ಅದೇ ಜಾತಿಯ ಮರದ ತೆಳುವಾದ ಪದರವನ್ನು ಎಳೆಗೆ ಎಳೆ ಹೊಂದುವಂತೆ ಅಂಟಿಸಿ, ಹತ್ತರಿಯಿಂದ ಒಂದು ಸುತ್ತು ಹೆರೆದು, ಹೊಸ ಸರೇಸು ಬಿಸಿಯಾಗಿರುವಾಗಲೇ ಕೂಡಿಸುತ್ತಾನೆ. ಹಗ್ಗವನ್ನು ಸುತ್ತಿ, ಹಗ್ಗದ ನಡುವೆ ಕೋಲನ್ನು ತೂರಿಸಿ ತಿರುಚಿ ಬಿಗಿಯುತ್ತಾನೆ. ಅನಂತರ ಒಂದು ಸಪೂರ ಕಡ್ಡಿಯಿಂದ ಮೂಲೆಯಿಂದ ಮೂಲೆಗೆ ಅಳೆದು, ಎರಡು ಕರ್ಣಗಳೂ ಸಮವಾಗಿವೆಯೆ ಎಂದು ನೋಡುತ್ತಾನೆ. ಸಮವಿಲ್ಲದಿದ್ದರೆ ಕುರ್ಚಿ ಮೂರು ಕಾಲಿನ ಮೇಲೆ ನಿಂತು ನಾಲ್ಕನೆಯದನ್ನು ಕುಣಿಸುತ್ತದೆ. ಇಂದಿನ ರಾಸಾಯನಿಕ ಅಂಟುಗಳು ಸರೇಸಿಗಿಂತ ಗಟ್ಟಿಯಾದುವೆಂಬುದರಲ್ಲಿ ಸಂಶಯವಿಲ್ಲ, ದೋಷವಿರುವುದೂ ಅಲ್ಲಿಯೇ. ಭಾರಕ್ಕೆ ಸೋಲಬೇಕಾದಾಗ ಅಂಟು ಸೋಲದೆ ಮರವು ಸೀಳುತ್ತದೆ. ಅಂಟನ್ನು ಮತ್ತೆ ಹಚ್ಚಬಹುದು. ಸೀಳಿದ ಮರವನ್ನು ಯಾರೂ ಮತ್ತೆ ಬೆಳೆಸಲಾರರು.

ಅಲಮಾರಿನ ಬಾಗಿಲಿನಲ್ಲಿಯೂ ಇದೇ ವಿವೇಕವು ಬೇರೊಂದು ರೂಪದಲ್ಲಿದೆ. ಮರವು ಉದ್ದಕ್ಕೆ ಬೆಳೆಯುವುದೂ ಇಲ್ಲ, ಕುಗ್ಗುವುದೂ ಇಲ್ಲವೆಂದರೆ ತಪ್ಪಾಗದು. ಅಗಲಕ್ಕೆ ಮಾತ್ರ ಆಷಾಢ ಶ್ರಾವಣಗಳಲ್ಲಿ ಉಬ್ಬುತ್ತದೆ, ಚೈತ್ರ ವೈಶಾಖಗಳಲ್ಲಿ ಸೊರಗುತ್ತದೆ. ಅದನ್ನರಿತೇ ಹಿಂದಿನವರು ಬಾಗಿಲಿಗೆ ಕಿರಿದಾದ ಪಟ್ಟಿಗಳ ಚೌಕಟ್ಟನ್ನು ಕಟ್ಟಿ, ಅದರ ಒಳಮೈಯಲ್ಲಿ ಕಾಲುವೆ ತೆಗೆದು, ಅಗಲವಾದ ಹಲಗೆಯನ್ನು ಅಂಟಿಲ್ಲದೆ ಆ ಕಾಲುವೆಯೊಳಗೆ ಬಿಡುತ್ತಿದ್ದರು. ಹಲಗೆ ಒಳಗೊಳಗೇ ಹಿಗ್ಗಿ ಕುಗ್ಗುತ್ತದೆ. ಬಾಗಿಲಿನ ಅಳತೆ ಕದಲುವುದಿಲ್ಲ. ಸಡಿಲವಾಗಿ ಕಟಕಟ ಶಬ್ದ ಮಾಡುವ ಆ ಹಲಗೆಯನ್ನು ರೋಗವೆಂದು ತಿಳಿದು ಅಂಟು ತುಂಬಿಸಿದವರ ಮನೆಯಲ್ಲಿ, ಮುಂದಿನ ಬೇಸಗೆಗೆ ಹಲಗೆಯ ನಟ್ಟನಡುವೆ ಮೇಲಿಂದ ಕೆಳಕ್ಕೆ ಬಿರುಕು ಬಿಡುತ್ತದೆ. ಎಷ್ಟೋ ಹಳೆಯ ಅಲಮಾರುಗಳು ಕಾಲದಿಂದಲ್ಲ, ಇಂತಹ ಉಪಕಾರದಿಂದಲೇ ಕೆಟ್ಟಿವೆ.

ಮೆರುಗಿನ ವಿಷಯವೂ ಹಾಗೆಯೇ. ಅರಗು ನಮ್ಮ ದೇಶದ ಕಾಡುಗಳ ಉತ್ಪನ್ನ. ಅದನ್ನು ಮದ್ಯಸಾರದಲ್ಲಿ ಕರಗಿಸಿ, ಹತ್ತಿಯನ್ನು ಬಟ್ಟೆಯಲ್ಲಿ ಸುತ್ತಿದ ಉಂಡೆಯಿಂದ ಸುತ್ತುಸುತ್ತಾಗಿ ಉಜ್ಜಿ, ನೂರಾರು ತೆಳುವಾದ ಲೇಪಗಳಿಂದ ಕನ್ನಡಿಯ ಹೊಳಪನ್ನು ತರುವ ವಿಧಾನವು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಫ್ರಾನ್ಸಿನಲ್ಲಿ ಪ್ರಚಾರಕ್ಕೆ ಬಂದು, ಇಂಗ್ಲೆಂಡಿನ ಮೂಲಕ ಫ್ರೆಂಚ್ ಪಾಲಿಷ್ ಎಂಬ ಹೆಸರನ್ನು ಹೊತ್ತು ತವರಿಗೆ ಮರಳಿತು. ಬಿಸಿ ಲೋಟವನ್ನಿಟ್ಟರೆ ಅದರ ಮೇಲೆ ಬಿಳಿಯ ಉಂಗುರ ಬೀಳುತ್ತದೆಂದು ದೂರುವವರಿದ್ದಾರೆ. ನಿಜ, ಆದರೆ ಆ ಉಂಗುರವನ್ನು ಮದ್ಯಸಾರ ಅದ್ದಿದ ಅದೇ ಉಂಡೆಯಿಂದ ಹೋಗಲಾಡಿಸಬಹುದು. ಹೊಸ ಅರಗು ಹಳೆಯ ಅರಗನ್ನು ಕರಗಿಸಿ ಅದರೊಳಗೊಂದಾಗುವುದರಿಂದ ತೇಪೆಯ ಗುರುತೇ ಇರುವುದಿಲ್ಲ. ಈಗಿನ ಗಟ್ಟಿ ವಾರ್ನಿಷುಗಳು ಲೋಟಕ್ಕೆ ಜಗ್ಗುವುದಿಲ್ಲ. ಒಮ್ಮೆ ಗೀರು ಬಿದ್ದರೆ ಮಾತ್ರ ಇಡೀ ಮೈಯನ್ನು ಕೆರೆದೇ ತೆಗೆಯಬೇಕು. ಕೆರೆಯುವುದೆಂದರೆ ಯಂತ್ರಕ್ಕೆ ಕಟ್ಟಿದ ಉಪ್ಪುಕಾಗದ. ಅದು ವಾರ್ನಿಷನ್ನು ಮಾತ್ರ ತೆಗೆದು ನಿಲ್ಲುವಷ್ಟು ವಿವೇಕಿಯಲ್ಲ. ಮೂರು ತಲೆಮಾರಿನ ಕೈಗಳು ಸವೆಸಿ ಕಂದುಗಪ್ಪಾಗಿಸಿದ ತೋಳಿನ ಮೇಲ್ಮೈಯನ್ನೂ, ಕೆತ್ತನೆಯ ಚೂಪಾದ ಅಂಚನ್ನೂ ಅರ್ಧ ಗಂಟೆಯಲ್ಲಿ ಒಯ್ಯುತ್ತದೆ.

ನಿತ್ಯದ ಆರೈಕೆಗೆ ಹೆಚ್ಚಿನದೇನೂ ಬೇಡ. ಒಣ ಬಟ್ಟೆಯಿಂದ ಧೂಳು ಒರಸುವುದು, ವರ್ಷಕ್ಕೊಮ್ಮೆ ಜೇನುಮೇಣವನ್ನು ಟರ್ಪೆಂಟೈನಿನಲ್ಲಿ ಕರಗಿಸಿ ತೆಳುವಾಗಿ ಸವರಿ ಉಜ್ಜುವುದು, ಗೋಡೆಗೆ ತಾಗಿಸದೆ ಒಂದು ಗೇಣು ಮುಂದಿಡುವುದು, ಇಷ್ಟೆ. ಹಬ್ಬಹಬ್ಬಕ್ಕೂ ಕೊಬ್ಬರಿ ಎಣ್ಣೆ ಹಚ್ಚುವ ನಮ್ಮ ಹೆಂಗಸರ ಮಮತೆಯನ್ನು ನಾನು ಗೌರವಿಸುತ್ತೇನೆ, ಅದರ ಫಲವನ್ನಲ್ಲ. ಎಣ್ಣೆ ಒಣಗದೆ ಧೂಳನ್ನು ಹಿಡಿದು ಜಿಡ್ಡಾಗುತ್ತದೆ. ಅಡುಗೆಮನೆಯ ಬೀರುವಿನ ಕಾಲುಗಳನ್ನು ನೀರು ತುಂಬಿದ ಕಲ್ಲಿನ ಬಟ್ಟಲುಗಳಲ್ಲಿ ನಿಲ್ಲಿಸಿ ಇರುವೆಯನ್ನು ದೂರವಿಡುತ್ತಿದ್ದುದು, ಪೆಟ್ಟಿಗೆಯ ತಳದಲ್ಲಿ ಬೇವಿನೆಲೆಯನ್ನೂ ಲಾವಂಚದ ಬೇರನ್ನೂ ಹಾಸುತ್ತಿದ್ದುದು ಒಳ್ಳೆಯ ವಾಡಿಕೆಗಳು. ಬೀಟೆ ತೇಗಗಳ ಚೇಗಿಗೆ ಗೆದ್ದಲು ಹೆದರುತ್ತದೆ. ಅಂಚಿನಲ್ಲಿ ಬಿಳಿಯ ಹೊರಮರವನ್ನು ಉಳಿಸಿ ಮಾಡಿದ ಅಗ್ಗದ ಕೆಲಸದಲ್ಲಿ ಕುಟ್ಟೆಹುಳು ಅಲ್ಲಿಂದಲೇ ಪ್ರಾರಂಭಿಸಿ ಹಿಟ್ಟು ಉದುರಿಸುತ್ತದೆ.

ಮೈಸೂರು ಎಂದಮೇಲೆ ಬೀಟೆಯ ಮೇಲಿನ ದಂತದ ಕೂರಣೆಯನ್ನು ಬಿಡುವಂತಿಲ್ಲ. ಶ್ರೀರಂಗಪಟ್ಟಣದ ಗುಂಬಜಿನಲ್ಲಿ ಹೈದರ್ ಟಿಪ್ಪುಗಳ ಸಮಾಧಿಗೆ ಡಾಲ್‌ಹೌಸಿ ಪ್ರಭುವು ಕೊಡಿಸಿದ, ಕರಿಯ ಮರದಲ್ಲಿ ದಂತವನ್ನು ಕೂರಿಸಿದ ಬಾಗಿಲುಗಳನ್ನು ಈಗಲೂ ನೋಡಬಹುದು. 1897ರಲ್ಲಿ, ರಾಜಕುಮಾರಿಯ ವಿವಾಹದ ಸಂಭ್ರಮದಲ್ಲಿ, ಮೈಸೂರಿನ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ನನ ನಕ್ಷೆಯಂತೆ ಕಲ್ಲಿನಲ್ಲಿಯೂ ಕಬ್ಬಿಣದಲ್ಲಿಯೂ ಎದ್ದು 1912ರಲ್ಲಿ ಪೂರ್ಣವಾದ ಹೊಸ ಅರಮನೆಯ ಬಾಗಿಲುಗಳು ಈ ಕಸುಬಿಗೆ ಮಹತ್ತಾದ ಅವಕಾಶವನ್ನು ಒದಗಿಸಿದುವು. 1906ರಲ್ಲಿ ವೇಲ್ಸಿನ ರಾಜಕುಮಾರನು ಶಂಕುಸ್ಥಾಪನೆ ಮಾಡಿದ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯೂ, 1907ರಲ್ಲಿ ಪ್ರಾರಂಭವಾದ ದಸರಾ ವಸ್ತುಪ್ರದರ್ಶನವೂ ಕಸುಬುದಾರರಿಗೆ ಶಿಕ್ಷಣವನ್ನೂ ಪೇಟೆಯನ್ನೂ ಕೊಟ್ಟುವು. ಚಿತ್ರವನ್ನು ದಂತದ ತೆಳು ಹಲಗೆಯಲ್ಲಿ ಸಪೂರ ಗರಗಸದಿಂದ ಕತ್ತರಿಸಿ, ಅದರ ಅಂಚನ್ನು ಬೀಟೆಯ ಮೇಲೆ ಗೀಚಿ, ಆ ಗೀಚಿನೊಳಗೆ ಮರವನ್ನು ಅಷ್ಟೇ ಆಳಕ್ಕೆ ತೋಡಿ, ಸರೇಸಿನಿಂದ ಕೂರಿಸಿ, ಸಂದುಗಳನ್ನು ಮರದ ಪುಡಿ ಬೆರೆಸಿದ ಅಂಟಿನಿಂದ ತುಂಬಿಸುತ್ತಾರೆ. ಆನೆಯ ಕಣ್ಣು, ನವಿಲಿನ ಗರಿಗಳ ರೇಖೆಗಳನ್ನು ದಂತದ ಮೇಲೆ ಕೊರೆದು ಕರಿಯ ಅರಗನ್ನು ಹಿಡಿಸುತ್ತಾರೆ.

ವನ್ಯಜೀವಿ ಸಂರಕ್ಷಣೆಯ 1972ರ ಕಾನೂನೂ, ದಂತದ ವ್ಯಾಪಾರವನ್ನು ನಿಲ್ಲಿಸಿದ 1986ರ ಅದರ ತಿದ್ದುಪಡಿಯೂ ಬಂದಮೇಲೆ ಈ ಕೆಲಸವು ಬಣ್ಣಬಣ್ಣದ ಮರಗಳ ಕಡೆಗೂ ಬಿಳಿಯ ಪ್ಲಾಸ್ಟಿಕ್ಕಿನ ಕಡೆಗೂ ಹೊರಳಿತು. ಕಾನೂನು ನ್ಯಾಯವಾದುದೇ, ಮೇಜಿನ ಅಂದಕ್ಕಾಗಿ ಆನೆ ಸಾಯಬೇಕಾಗಿಲ್ಲ. ದುರಸ್ತಿಯವನ ಇಕ್ಕಟ್ಟು ಮಾತ್ರ ಉಳಿಯುತ್ತದೆ. ಹಳೆಯ ಮೇಜಿನ ಹೂಬಳ್ಳಿಯಲ್ಲಿ ಎರಡು ಎಲೆ ಉದುರಿದ್ದರೆ ಏನು ಕೂರಿಸಬೇಕು? ಮೂಳೆಯನ್ನೋ ಪ್ಲಾಸ್ಟಿಕ್ಕನ್ನೋ ಹಳದಿ ಬಣ್ಣ ಹಿಡಿಸಿ ದಂತವೆಂದು ನಂಬಿಸುವವರುಂಟು. ತಿಳಿಬಣ್ಣದ ಮರದ ಎಲೆಯನ್ನು ಕತ್ತರಿಸಿ, ಹತ್ತಿರ ಬಂದು ನೋಡಿದವರಿಗೆ ಹೊಸದೆಂದು ಗೊತ್ತಾಗುವಂತೆ, ದೂರದಿಂದ ಬಳ್ಳಿ ಕಡಿದಂತೆ ಕಾಣದ ಹಾಗೆ ಕೂರಿಸುವವನ ಪಕ್ಷ ನನ್ನದು.

ಈ ವಸ್ತುಗಳನ್ನು ಮನೆಯಿಂದ ಹೊರಡಿಸಿದ ಕಾರಣಗಳು ಹಲವು. ಅವಿಭಕ್ತ ಕುಟುಂಬಗಳು ಒಡೆದುವು. ತೊಟ್ಟಿಯ ಮನೆಯ ಅಲಮಾರು ಪಟ್ಟಣದ ಬಾಡಿಗೆ ಮನೆಯ ಬಾಗಿಲಿನಲ್ಲಿ ಹಿಡಿಸಲಿಲ್ಲ. ಕಬ್ಬಿಣದ ಬೀರು ಬಂದಿತು, ಪ್ಲೈವುಡ್ ಬಂದಿತು. ಕಛೇರಿಗಳಲ್ಲಿ ಬೀಟೆಯ ಕುರ್ಚಿಗಳ ಬೆನ್ನಿಗೆ ಬಿಳಿಯ ಬಣ್ಣದಲ್ಲಿ ಇಲಾಖೆಯ ಹೆಸರನ್ನೂ ಸಂಖ್ಯೆಯನ್ನೂ ಬರೆದು, ಬಹುಕಾಲ ದುಡಿಸಿ, ಕಡೆಗೆ ಸೌದೆಯ ಲೆಕ್ಕದಲ್ಲಿ ಹರಾಜು ಹಾಕಿದರು. 1974ರ ಭೂಸುಧಾರಣೆಯ ಬಳಿಕ ಕರಾವಳಿ ಮಲೆನಾಡುಗಳ ದೊಡ್ಡ ಮನೆಗಳನ್ನು ನಿಭಾಯಿಸುವ ಶಕ್ತಿ ಹಲವು ಕುಟುಂಬಗಳಿಗೆ ಉಳಿಯಲಿಲ್ಲ. ಕಂಬ ಬಾಗಿಲು ಪತ್ತಾಯಗಳು ಲಾರಿ ಹತ್ತಿ ಪೇಟೆಗೆ ಹೊರಟುವು. ಹಾಗೆ ಹೊರಟುದನ್ನು ಕಂಡು ಕಳವಳಗೊಂಡವರಲ್ಲಿ ಮಣಿಪಾಲದ ವಿಜಯನಾಥ ಶೆಣೈ ಅಗ್ರಗಣ್ಯರು. ಅಳಿವಿನಂಚಿನಲ್ಲಿದ್ದ ಮನೆಗಳನ್ನು ಇದ್ದ ಸ್ಥಳದಲ್ಲಿಯೇ ಉಳಿಸಲಾಗದಾಗ, ತುಂಡು ತುಂಡಿಗೂ ಗುರುತುಹಾಕಿ ಬಿಚ್ಚಿಸಿ, ಮಣಿಪಾಲಕ್ಕೆ ತರಿಸಿ, ಮತ್ತೆ ಅದೇ ಕ್ರಮದಲ್ಲಿ ಕೂಡಿಸಿದರು. ಹರ್ಕೂರಿನ ಮನೆ, ಮಿಯಾರಿನ ಮನೆ, ಕುಕನೂರಿನ ಕಮಲ ಮಹಲು ಮುಂತಾದುವು ಇಂದು ಅಲ್ಲಿಯ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ನಿಂತಿರುವುದು ಅವರ ಹಟದಿಂದ. ಅವನ್ನು ಮೊದಲು ಕಟ್ಟಿದ ಬಡಗಿಗಳು ಮೊಳೆಯ ಬದಲು ಬೆಣೆಯನ್ನು ನಂಬಿದ್ದುದರಿಂದ ಆ ಹಟವು ಸಾಧ್ಯವಾಯಿತು.

ಈಗ ಕೊರತೆಯಿರುವುದು ಬೀಟೆಗೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಆ ಮರವನ್ನು ಕಡಿಯುವಂತಿಲ್ಲ. 2017ರಿಂದ ಆ ಕುಲದ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಪರವಾನಗಿಯ ನಿರ್ಬಂಧಗಳಿವೆ. ಕಡಿದ ಹೊಸ ಮರ ದೊರೆತರೂ ಅದರ ಎಳೆ ಒರಟು, ಬಣ್ಣ ತಿಳಿ. ಹಳೆಯದರ ಪಕ್ಕದಲ್ಲಿ ಎದ್ದುಕಾಣುತ್ತದೆ. ಆದುದರಿಂದ ದುರಸ್ತಿಯ ಬಡಗಿಗಳು ಕೆಡವಿದ ಮನೆಗಳ ಮರವನ್ನು ಮಾರುವ ಅಂಗಡಿಗಳನ್ನು ಸುತ್ತಿ, ಮುರಿದ ಮಂಚದ ಕಾಲು, ಸೀಳಿದ ಚೌಕಟ್ಟು, ಕನ್ನಡಿ ಕಳೆದುಕೊಂಡ ನಿಲುವುಗಳನ್ನು ತೂಕಕ್ಕೆ ಕೊಂಡು ತರುತ್ತಾರೆ. ಒಂದು ಕುರ್ಚಿಯ ನಾಲಗೆಗೆ ಅಂಟಿಸುವ ಪದರವು ಇನ್ನೊಂದು ಮನೆಯ ಮಂಚದ ಕಾಲಿನಿಂದ ಬರುತ್ತದೆ. ಯಾವ ತುಂಡು ಯಾವುದಕ್ಕೆ ಹೊಂದುವುದೆಂದು ಮುಂಚಿತವಾಗಿ ಹೇಳುವುದಕ್ಕಾಗದ ಕಾರಣ ಅವರು ಒಂದು ಗೇಣು ಉದ್ದದ ಚೂರನ್ನೂ ಎಸೆಯುವುದಿಲ್ಲ.